‘ಇದರಲ್ಲೇನಿದೆ ಬರೆಯೋಕೆ’ ಅಂತ ಬಿಟ್ಟಿದ್ದೇ ವಿಷಯ

‘ಏನೂ ಹೊಳೀತಾ ಇಲ್ಲ, ಒಂದು ವಿಷಯ ಕೊಡಿ.’ ಲೇಖನ ತಿದ್ದುವುದು, ಬರಹದ ಕಮ್ಮಟ ನಡೆಸುವುದು ನನ್ನ ಕೆಲಸ. ಕೂತಿರುವುದು ಶಿರಸಿಯಲ್ಲಿ. ಹಾಗಾಗಿ ಈ ಮಾತು ಘಟ್ಟದ ಮೇಲಿನವರಿಂದಲೂ ಕೇಳುತ್ತೇನೆ, ಕೆಳಗಿನ ಕುಮಟಾ, ಅಂಕೋಲಾ, ಕಾರವಾರದವರಿಂದಲೂ ಕೇಳುತ್ತೇನೆ. ನಾನು ವಿಷಯ ಕೊಡುವುದಿಲ್ಲ. ಕೊಟ್ಟ ವಿಷಯಕ್ಕೆ ಬರುವುದು ಶಾಲೆಯ ಪ್ರಬಂಧ. ಅದರ ಬದಲು ಒಂದು ಪ್ರಶ್ನೆ ಕೇಳುತ್ತೇನೆ. ಈ ವಾರ ಬರೆಯಬಹುದಿತ್ತು ಅನ್ನಿಸಿ, ಆಮೇಲೆ ‘ಥೋ, ಇದರಲ್ಲೇನಿದೆ’ ಅಂತ ಬಿಟ್ಟಿದ್ದು ಯಾವುದು?

ಉತ್ತರ ಇಲ್ಲದವರು ಸಿಗುವುದು ಅಪರೂಪ. ಹೊಳೆಯುವುದು ನಿಂತಿರುವುದಿಲ್ಲ. ಹೊಳೆದಿದ್ದನ್ನು ಬಾಗಿಲಲ್ಲೇ ವಾಪಸ್ ಕಳಿಸಿರುತ್ತೇವೆ. ಇದು ಎಲ್ಲರಿಗೂ ಗೊತ್ತಿರುವುದೇ ಅಲ್ವಾ ಅನ್ನುವುದೊಂದೇ ಕಾರಣ.

ಕಾಲೇಜು ಓದುವ ಹುಡುಗಿಯೊಬ್ಬಳು ‘ರೈತನ ಬದುಕು’ ಅಂತ ತಲೆಬರಹ ಹಾಕಿಕೊಂಡು ಮುಂದೆ ಹೋಗಲಾಗದೆ ಕೂತಿದ್ದಳು. ಮನೇಲಿ ಈಗ ಎಂತ ನಡೀತಾ ಇದೆ ಅಂತ ಕೇಳಿದೆ. ‘ಎಂತದೂ ಇಲ್ಲೆ ಅಕ್ಕಾ, ಅಪ್ಪ ಅಡಿಕೆ ತೋಟಕ್ಕೆ ಮದ್ದು ಹೊಡೆಸ್ತಾ ಇದ್ದ, ಅಷ್ಟೇಯ’ ಅಂದಳು. ಆ ಮದ್ದು ಮಾಡುವುದು ಹೇಗೆ ಅಂದೆ. ಅಲ್ಲಿಂದ ಅವಳು ನಿಲ್ಲಿಸಲೇ ಇಲ್ಲ. ಮೈಲುತುತ್ತು (ತಾಮ್ರದ ಸಲ್ಫೇಟ್) 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ಎರಡನ್ನೂ ಬೇರೆ ಬೇರೆ ಕರಗಿಸಬೇಕು. ಆಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗಾಮುರುಗಾ ಮಾಡಬಾರದು. ಕಬ್ಬಿಣದ ಪಾತ್ರೆ ಆಗುವುದಿಲ್ಲ, ಪ್ಲಾಸ್ಟಿಕ್ ಬ್ಯಾರಲ್ ಬೇಕು. ಕೊನೆಯಲ್ಲಿ ಅಪ್ಪ ತಿಕ್ಕಿ ತೊಳೆದ ಕತ್ತಿಯನ್ನು ಮದ್ದಿನಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು, ಮೇಲೆತ್ತಿ ಬೆಳಕಿಗೆ ಹಿಡಿಯುತ್ತಾರೆ. ಕತ್ತಿಯ ಮೇಲೆ ಕೆಂಪು ಬಣ್ಣ ಕೂತಿದ್ದರೆ ಸುಣ್ಣ ಸಾಲದು ಅಂತ ಅರ್ಥ, ಅದು ತಾಮ್ರ. ಹಾಗೇ ಹೊಡೆದರೆ ಎಳೆಯದೆಲ್ಲ ಸುಟ್ಟ ಹಾಗಾಗುತ್ತದೆ. ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ಅದ್ದಿ ನೋಡಬೇಕು. ಜೋರು ಮಳೆ ಹಿಡಿಯುವುದರೊಳಗೆ ಮೊದಲನೇ ಮದ್ದು ಆಗದಿದ್ದರೆ ಕೊಳೆರೋಗ ಬಂದು ಕಾಯೆಲ್ಲ ಉದುರುತ್ತದೆ, ವರ್ಷದ ಲೆಕ್ಕವೇ ತಪ್ಪುತ್ತದೆ.

ಇಷ್ಟನ್ನೂ ಹೇಳಿ, ‘ಇದು ಎಲ್ಲರಿಗೂ ಗೊತ್ತಿಪ್ಪದೇಯ’ ಅಂದಳು! ಯಾರಿಗೆ ಗೊತ್ತು? ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದವರಿಗೆ ಗೊತ್ತು. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟ್ ಇಟ್ಟುಕೊಂಡವರಿಗೆ ಗೊತ್ತಿಲ್ಲ, ಹುಬ್ಬಳ್ಳಿಯಲ್ಲಿ ದಿನಾ ಅಡಿಕೆ ಜಗಿಯುವವರಿಗೂ ಗೊತ್ತಿಲ್ಲ. ಅವಳಿಗೆ ಕಷ್ಟ ಕೊಟ್ಟಿದ್ದು ‘ರೈತನ ಬದುಕು’ ಅನ್ನುವ ತಲೆಬರಹ. ಅದನ್ನು ಎಲ್ಲಿಂದ ಶುರು ಮಾಡುವುದು? ಬೆಳಕಿಗೆ ಹಿಡಿದ ಕತ್ತಿಯಿಂದ ಶುರು ಮಾಡಬಹುದು.

ಆದ್ದರಿಂದ ಕೈ ಕಟ್ಟಿದಾಗ ವಿಷಯವನ್ನು ಸಣ್ಣದು ಮಾಡಿ. ಸಣ್ಣದು ಮಾಡುವುದು ಅಂದರೆ ‘ಹೇಗೆ’ ಅಂತ ಕೇಳುವುದು, ಅಷ್ಟೇ. ‘ಅಡಿಕೆ’ ಬೇಡ. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಒಂದು ಮರದ ತುದಿಯಿಂದ ಇನ್ನೊಂದು ಮರಕ್ಕೆ ಕೆಳಗಿಳಿಯದೆ ದಾಟುವುದು ಹೇಗೆ? ನೆಲದಲ್ಲಿ ನಿಂತೇ ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಅವನ ಕೆಲಸ ಏನಾಯಿತು? ಉತ್ತರ ಗೊತ್ತಿಲ್ಲವೇ? ಒಳ್ಳೆಯದೇ ಆಯಿತು. ಎದ್ದು ಹೋಗಿ ಕೇಳಿಕೊಂಡು ಬರಲು ಒಂದು ಕಾರಣ ಸಿಕ್ಕಿತು, ಮೇಜಿನ ಮುಂದೆ ಪೆನ್ನು ಕಚ್ಚುತ್ತಾ ಕೂರುವುದು ತಪ್ಪಿತು.

ಕರಾವಳಿಯವರ ಕಷ್ಟ ಬೇರೆ ಥರದ್ದು. ಅವರಿಗೆ ಸಮುದ್ರ ಇದೆಯಲ್ಲ, ಅದೇ ತೊಂದರೆ. ಕಾರವಾರದಿಂದ ಬರುವ ಹತ್ತು ಬರಹದಲ್ಲಿ ಜಾಸ್ತಿಯವು ಸೂರ್ಯಾಸ್ತದ ಮೇಲೆ ಅಂದರೆ ನೀವು ನಂಬಬೇಕು. ಕೇಳಿದರೆ ಟ್ಯಾಗೋರ್ ಹೆಸರು ಹೇಳುತ್ತಾರೆ. ರವೀಂದ್ರನಾಥ ಟ್ಯಾಗೋರ್ ಹರೆಯದಲ್ಲಿ ಕಾರವಾರದಲ್ಲಿ ಕೆಲವು ಕಾಲ ಇದ್ದದ್ದು ನಿಜ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದರು. ಬೀಚಿಗೂ ರವೀಂದ್ರನಾಥರದೇ ಹೆಸರು. ಆದರೆ ಅವರು ಆಮೇಲೆ ಬರೆದುಕೊಂಡ ನೆನಪುಗಳಲ್ಲಿ ಇರುವ ಮಾತನ್ನು ಈ ಸೂರ್ಯಾಸ್ತದವರು ಓದಿದ ಹಾಗೆ ಕಾಣುವುದಿಲ್ಲ. ಕಾಳಿ ನದಿಯಲ್ಲಿ ದೋಣಿ ವಿಹಾರ ಮುಗಿಸಿ, ಬೆಳದಿಂಗಳಲ್ಲಿ ಮರಳಿನ ಮೇಲೆ ನಡೆದು ಮನೆಗೆ ಬಂದು, ಅದೇ ರಾತ್ರಿ ಅವರು ಒಂದು ಕವಿತೆ ಬರೆದರು. ಅದನ್ನು ನೆನೆಯುತ್ತಾ ಅವರು ಹೇಳುವುದೇನೆಂದರೆ, ಭಾವ ಉಕ್ಕುತ್ತಿರುವಾಗಲೇ ಬರೆದದ್ದು ಚೆನ್ನಾಗಿಯೇ ಇರುತ್ತದೆ ಅಂತೇನಿಲ್ಲ, ತೀರಾ ದೂರವೂ ಇರಬಾರದು, ತೀರಾ ಹತ್ತಿರವೂ ಇರಬಾರದು, ಸರಿಯಾದ ಬಣ್ಣ ತುಂಬುವುದು ನೆನಪು.

ಇದು ಕೆಲಸಕ್ಕೆ ಬರುವ ಮಾತು. ಇವತ್ತಿನದು ಬರೆಯಲು ಬರದಿದ್ದರೆ ಹೋದ ವರ್ಷದ್ದು ಬರೆಯಿರಿ. ಮಳೆ ನೋಡುತ್ತಾ ಮಳೆಯನ್ನೇ ಬರೆಯಬೇಕು ಅಂತ ಯಾರು ಹೇಳಿದ್ದು? ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಆ ದಿನಗಳಲ್ಲಿ ಬಂದರಿನಲ್ಲಿ ಏನಾಗುತ್ತದೆ? ಹೊರರಾಜ್ಯದ ಕೆಲಸಗಾರರು ಊರಿಗೆ ಹೋದ ಮೇಲೆ ಬೋಟ್ ಕಾಯುವವರು ಯಾರು? ಹರಿದ ಬಲೆ ಸರಿ ಮಾಡುವವರು ಯಾರು? ಮೀನು ಮಾರುವ ಅಕ್ಕನ ಬುಟ್ಟಿಯಲ್ಲಿ ಆಗ ಏನಿರುತ್ತದೆ, ಆ ಒಣಮೀನನ್ನು ಅವಳು ಯಾವಾಗ ಕೂಡಿಟ್ಟಳು? ಒಂದೊಂದು ಪ್ರಶ್ನೆಗೂ ಒಂದೊಂದು ಲೇಖನ ಆಗುತ್ತದೆ. ಸೂರ್ಯ ಎಲ್ಲಿ ಬೇಕಾದರೂ ಮುಳುಗಲಿ.

‘ಮೂಡ್ ಬರಲಿ’ ಅಂತ ಕಾಯುವವರಿಗೆ ಒಂದು ವಿಷಯ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಬಾಯ್ಸ್ ಬರವಣಿಗೆ ಕಟ್ಟಿಹೋದ ಪ್ರಾಧ್ಯಾಪಕರ ಮೇಲೆ ಒಂದು ಪ್ರಯೋಗ ಮಾಡಿ 1983ರಲ್ಲಿ ಪ್ರಕಟಿಸಿದರು. ಒಂದು ಗುಂಪು ತುರ್ತು ಇಲ್ಲದಿದ್ದರೆ ಬರೆಯುವ ಹಾಗೇ ಇರಲಿಲ್ಲ. ಇನ್ನೊಂದು ಗುಂಪು ಮನಸ್ಸು ಬಂದಾಗ ಬರೆಯಬಹುದಿತ್ತು. ಮೂರನೆಯದು ಗೊತ್ತು ಮಾಡಿದ ಹೊತ್ತಿಗೆ ಬರೆಯಲೇಬೇಕು, ಇಲ್ಲದಿದ್ದರೆ ಅವರಿಗೆ ಕಂಡರಾಗದ ಸಂಸ್ಥೆಗೆ ಅವರದೇ ದುಡ್ಡು ಹೋಗುತ್ತದೆ! ಮೂರನೆಯವರು ಜಾಸ್ತಿ ಪುಟ ಬರೆದರು. ಅದು ಬಿಡಿ, ದುಡ್ಡಿನ ಹೆದರಿಕೆ. ಆದರೆ ಹೊಸ ಯೋಚನೆಗಳೂ ಅವರಿಗೇ ಜಾಸ್ತಿ ಬಂದವು. ಅಂದರೆ ಹೊಳೆದ ಮೇಲೆ ಬರೆಯುವುದಲ್ಲ, ಬರೆಯುತ್ತಾ ಇದ್ದರೆ ಹೊಳೆಯುತ್ತದೆ. ಯಕ್ಷಗಾನದಲ್ಲಿ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳಲು ಕೂತವರು ಮೂಡ್ ಕಾಯುವುದಿಲ್ಲ ಅಲ್ವಾ?

ಹಾಗಂತ ದಿನಾ ಎರಡು ತಾಸು ಕೂರಿ ಅಂತ ನಾನು ಹೇಳುವುದಿಲ್ಲ. ದನ, ತೋಟ, ಬ್ಯಾಂಕಿನ ಕೆಲಸ, ಮಕ್ಕಳ ಪರೀಕ್ಷೆ ಎಲ್ಲ ಇರುವವರಿಗೆ ಆಗುವ ಮಾತಲ್ಲ. ಹದಿನೈದು ನಿಮಿಷ ಸಾಕು, ಹೊತ್ತು ಮಾತ್ರ ಒಂದೇ ಇರಲಿ. ಮೊದಲ ಸಾಲು ಬರದಿದ್ದರೆ ಮಧ್ಯದಿಂದ ಬರೆಯಿರಿ. ಅದೂ ಬರದಿದ್ದರೆ ಬೇರೆ ಊರಲ್ಲಿರುವ ಅಕ್ಕನಿಗೋ ಭಾವನಿಗೋ ಫೋನ್‌ನಲ್ಲಿ ಹೇಳಿದ ಹಾಗೆ ಹೇಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಆಮೇಲೆ ಕೇಳಿಸಿಕೊಂಡು ಬರೆಯಿರಿ. ಮಾತಿನಲ್ಲಿ ಯಾರೂ ‘ಪ್ರಕೃತಿಯ ರಮಣೀಯ ಮಡಿಲಲ್ಲಿ’ ಅನ್ನುವುದಿಲ್ಲ, ಅದೊಂದು ದೊಡ್ಡ ಲಾಭ.

ಬಿಟ್ಟ ವಿಷಯಗಳಿಗೆ ಒಂದು ಹಳೆಯ ನೋಟ್‌ಬುಕ್ ಇಟ್ಟುಕೊಳ್ಳಿ. ‘ಇದರಲ್ಲೇನಿದೆ’ ಅನ್ನಿಸಿದ ತಕ್ಷಣ ಅದರಲ್ಲಿ ಒಂದು ಸಾಲು ಬಿದ್ದಿರಲಿ, ಚಂದ ಮಾಡಬೇಡಿ. ‘ಗಜನಿಗೆ ಉಪ್ಪುನೀರು ನುಗ್ಗಿತು, ಕಗ್ಗ ಭತ್ತ ಮಾತ್ರ ನಿಂತಿದೆ’ ಅಂತ ಬರೆದಿಟ್ಟರೆ ಸಾಕು. ಗಜನಿ ಅಂದರೆ ಕರಾವಳಿಯ ತಗ್ಗಿನ ಗದ್ದೆ, ಕಗ್ಗ ಅಂದರೆ ಉಪ್ಪುನೀರು ತಡೆದುಕೊಳ್ಳುವ ಭತ್ತ ಅನ್ನುವುದೆಲ್ಲ ಆಮೇಲೆ.

ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಮನೆಯಲ್ಲಿ ಸಾವಾಗಿದ್ದರೆ, ರಾತ್ರಿ ನಿದ್ದೆ ಇಲ್ಲದಿದ್ದರೆ, ಯಾವ ಕೆಲಸಕ್ಕೂ ಮನಸ್ಸೇ ಏಳದಿದ್ದರೆ ಅದು ವಿಷಯ ಸಿಗದ ತೊಂದರೆ ಅಲ್ಲ. ಆಗ ನೋಟ್‌ಬುಕ್ ಬದಿಗಿಡಿ. ಮಲಗಿ, ನಿಮ್ಮವರ ಹತ್ತಿರ ಮಾತಾಡಿ, ಬೇಕಾದರೆ ಡಾಕ್ಟರ್ ಹತ್ತಿರ ಹೋಗಿ.

ಉಳಿದವರು ಬರೆದು ಕಳಿಸಿ. ಕಳಿಸುವ ಮೊದಲು ಮೊದಲನೇ ಪ್ಯಾರಾ ತೆಗೆದು ಓದಿ ನೋಡಿ. ಏನೂ ಕಮ್ಮಿ ಅನ್ನಿಸದಿದ್ದರೆ ಅದಿಲ್ಲದೆಯೇ ಕಳಿಸಿ, ನನ್ನ ಅರ್ಧ ಕೆಲಸ ಉಳಿಯುತ್ತದೆ.