ಪೆನ್ಸಿಲ್ ಗೆರೆಯ ಮೇಲೆ ಮಸಿ: ಚಿತ್ರಕಥೆ (ಕಾಮಿಕ್ಸ್) ಕಲಿಯುವವರಿಗೆ ಕೆಲವು ಟಿಪ್ಪಣಿ

ಏಪ್ರಿಲ್ ತಿಂಗಳ ಮಧ್ಯಾಹ್ನ ಕೊಪ್ಪಳದಲ್ಲಿ ಚಿತ್ರಕ್ಕೆ ಮಸಿ ಹಾಕಲು ಕೂರಬೇಡಿ. ನಾನು ಕೂತು ನೋಡಿದ್ದೇನೆ. ಫ್ಯಾನ್ ಹಾಕಿದರೆ ನಿಬ್ಬಿನ ತುದಿಯಲ್ಲೇ ಮಸಿ ಒಣಗುತ್ತದೆ. ಆರಿಸಿದರೆ ಅಂಗೈ ಬೆವರಿಗೆ ಹಾಳೆ ಒದ್ದೆಯಾಗಿ ಗೆರೆ ಹರಡುತ್ತದೆ. ಮೊದಲ ಬೇಸಿಗೆಯಲ್ಲಿ ಹೀಗೆ ಹಾಳಾದ ಹಾಳೆಗಳನ್ನು ನಾನು ಎಸೆದಿಲ್ಲ, ಅವುಗಳ ಹಿಂಬದಿಯಲ್ಲೇ ಈಗ ಗೆರೆಯ ಅಭ್ಯಾಸ ಮಾಡುತ್ತೇನೆ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಕೈ ಚೆನ್ನಾಗಿ ಓಡುತ್ತದೆ. ಅಂಗೈ ಕೆಳಗೆ ಒಂದು ತುಂಡು ಒರಟು ಕಾಗದ ಇಟ್ಟುಕೊಂಡರೆ ಬೆವರಿನ ತೊಂದರೆ ಮುಕ್ಕಾಲು ಪಾಲು ತಪ್ಪುತ್ತದೆ. ನನ್ನಂತೆ ಪುಸ್ತಕ, ವಿಡಿಯೊ ನೋಡಿ ಒಬ್ಬರೇ ಕಲಿಯುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ.

ಮಸಿ ಯಾಕೆ ಬೇಕಾಯಿತು

ಇದು ತಿಳಿಯದಿದ್ದರೆ ಉಳಿದ ನಿಯಮಗಳೆಲ್ಲ ಬರೀ ಕಟ್ಟಳೆಯಂತೆ ಕಾಣುತ್ತವೆ. ಆಫ್‌ಸೆಟ್ ಮುದ್ರಣ ಬರುವ ಮೊದಲು ಪತ್ರಿಕೆಯಲ್ಲಿ ಚಿತ್ರ ಅಚ್ಚಾಗಬೇಕಾದರೆ ಅದಕ್ಕೆ ಬ್ಲಾಕ್ ಮಾಡಿಸಬೇಕಿತ್ತು. ಚಿತ್ರದ ಫೋಟೊ ತೆಗೆದು, ಅದನ್ನು ಸತುವಿನ ತಗಡಿನ ಮೇಲೆ ಮೂಡಿಸಿ, ಆಮ್ಲದಲ್ಲಿ ಅದ್ದುತ್ತಿದ್ದರು. ಬಿಳಿ ಇರಬೇಕಾದ ಜಾಗವನ್ನು ಆಮ್ಲ ತಿಂದು ತಗ್ಗು ಮಾಡುತ್ತಿತ್ತು, ಕಪ್ಪು ಗೆರೆ ಉಬ್ಬಾಗಿ ಉಳಿಯುತ್ತಿತ್ತು. ಉಬ್ಬಿದ್ದಕ್ಕೆ ಶಾಯಿ ತಗಲುತ್ತದೆ, ತಗ್ಗಿಗೆ ತಗಲುವುದಿಲ್ಲ. ನಡುವೆ ಬೂದು ಬಣ್ಣ ಎಂಬುದೇ ಇಲ್ಲ. ಬೂದು ಬೇಕೆಂದರೆ ಚಿತ್ರವನ್ನು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆಯುವ ಬೇರೆ ಬಗೆಯ ಬ್ಲಾಕ್ ಬೇಕಿತ್ತು, ಅದಕ್ಕೆ ಖರ್ಚು ಹೆಚ್ಚು.

ಪೆನ್ಸಿಲ್ ಎಂದರೆ ಪೂರಾ ಬೂದು. ಆದ್ದರಿಂದ ಪೆನ್ಸಿಲ್ ಚಿತ್ರವನ್ನು ಅಚ್ಚಿಗೆ ಹೊಂದುವ ಕಪ್ಪು-ಬಿಳಿಗೆ ತರುವ ಕೆಲಸ ಹುಟ್ಟಿಕೊಂಡಿತು. ಅಮೆರಿಕದ ಚಿತ್ರಕಥೆ ಉದ್ಯಮದಲ್ಲಿ ಅದು ಬೇರೆಯೇ ಹುದ್ದೆಯಾಯಿತು: ಒಬ್ಬರು ಪೆನ್ಸಿಲ್, ಇನ್ನೊಬ್ಬರು ಅಕ್ಷರ, ಮತ್ತೊಬ್ಬರು ಮಸಿ, ಮಗದೊಬ್ಬರು ಬಣ್ಣ. ಜಾಕ್ ಕರ್ಬಿ ಬರೆದ ಪೆನ್ಸಿಲ್ ಪುಟಗಳಿಗೆ ಹಲವರು ಮಸಿ ಹಾಕಿದ್ದಾರೆ. ಜೋ ಸಿನೊಟ್ ಹಾಕಿದ ಪುಟವನ್ನೂ ಬೇರೆಯವರು ಹಾಕಿದ ಪುಟವನ್ನೂ ಪಕ್ಕದಲ್ಲಿಟ್ಟು ನೋಡಿ. ಒಬ್ಬನೇ ಕಲಾವಿದನ ಪೆನ್ಸಿಲ್ ಎಂದು ನಂಬುವುದು ಕಷ್ಟ. ಮಸಿ ಹಾಕುವುದು ಎಂದರೆ ಗೆರೆಯ ಮೇಲೆ ಗೆರೆ ತಿದ್ದುವುದಷ್ಟೇ ಎಂದುಕೊಂಡಿದ್ದ ನನಗೆ ಮೊದಲ ಪೆಟ್ಟು ಬಿದ್ದದ್ದು ಅಲ್ಲಿ.

ಒಂದು ಭುಜವನ್ನು ಪೆನ್ಸಿಲ್‌ನಲ್ಲಿ ಬರೆದಾಗ ಅಲ್ಲಿ ನಾಲ್ಕೈದು ಗೆರೆ ಇರುತ್ತವೆ. ಕಣ್ಣು ಅವೆಲ್ಲವನ್ನೂ ಸೇರಿಸಿ ಒಂದು ಚೆಂದದ ಭುಜ ಮಾಡಿಕೊಳ್ಳುತ್ತದೆ. ಮಸಿ ಹಾಕುವಾಗ ಆ ಐದರಲ್ಲಿ ಒಂದನ್ನು ಆರಿಸಬೇಕು. ಆರಿಸಿದ ಮೇಲೆ ಅದು ಎಲ್ಲಿ ದಪ್ಪ, ಎಲ್ಲಿ ಸಣ್ಣ, ಎಲ್ಲಿ ಕಡಿಯಬೇಕು ಎಂಬುದನ್ನೂ ಹೇಳಬೇಕು. "ಪೆನ್ಸಿಲ್‌ನಲ್ಲಿ ಚೆನ್ನಾಗಿತ್ತು, ಮಸಿ ಹಾಕಿದ ಮೇಲೆ ಸತ್ತುಹೋಯಿತು" ಎಂದು ನಾವೆಲ್ಲ ಗೊಣಗುತ್ತೇವಲ್ಲ, ಅಲ್ಲಿ ಬಹುತೇಕ ಆರಿಸುವ ಕೆಲಸವನ್ನೇ ಮಾಡಿರುವುದಿಲ್ಲ. ಐದು ಗೆರೆಯ ನಡುವಿನಲ್ಲಿ ಅಳುಕುತ್ತ ಆರನೆಯದನ್ನು ಎಳೆದಿರುತ್ತೇವೆ.

ಸಾಮಾನು

ಮಸಿ: ಅಂಗಡಿಯಲ್ಲಿ 'ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್' ಎಂದು ಕೇಳಿ. ಇದರಲ್ಲಿ ದೀಪದ ಕಾಡಿಗೆಯಂಥ ಇಂಗಾಲದ ಪುಡಿ ಇರುತ್ತದೆ, ಅದನ್ನು ಹಾಳೆಗೆ ಕಚ್ಚಿಸಲು ಅರಗಿನಂಥ ಅಂಟು ಇರುತ್ತದೆ. ಒಣಗಿದರೆ ನೀರಿಗೂ ಕರಗುವುದಿಲ್ಲ. ಅದೇ ಕಾರಣಕ್ಕೆ ಇದನ್ನು ಫೌಂಟನ್ ಪೆನ್ನಿಗೆ ತುಂಬಿದರೆ ಒಳಗೆಲ್ಲ ಕಟ್ಟಿಕೊಂಡು ಪೆನ್ನು ಮತ್ತೆ ಬರೆಯುವುದಿಲ್ಲ. ನನ್ನ ತಂದೆಯವರ ಪೆನ್ನೊಂದು ಹೀಗೆ ಹೋಯಿತು, ಆ ವಿಷಯ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಇಂಗ್ಲಿಷಿನಲ್ಲಿ ಇದನ್ನು 'ಇಂಡಿಯಾ ಇಂಕ್' ಎನ್ನುತ್ತಾರೆ. ನಮ್ಮ ತಾಳೆಗರಿ ಬರೆಯುವವರು ಇದೇ ಕಾಡಿಗೆಯನ್ನು ತಿರುಗಿಸಿ ಬಳಸಿದರು: ಮೊದಲು ಕಬ್ಬಿಣದ ಮೊನೆಯಿಂದ ಗರಿಯನ್ನು ಗೀರಿ, ಆಮೇಲೆ ಕಾಡಿಗೆ ತಿಕ್ಕಿ ಒರೆಸಿದರೆ ಗೀರಿನಲ್ಲಿ ಮಾತ್ರ ಕಪ್ಪು ನಿಲ್ಲುತ್ತಿತ್ತು.

ಬೇಸಿಗೆಯಲ್ಲಿ ದೌತಿಯ ಮುಚ್ಚಳ ತೆಗೆದಿಟ್ಟರೆ ಮಸಿ ಗಟ್ಟಿಯಾಗುತ್ತದೆ. ಸ್ವಲ್ಪವನ್ನೇ ಚಿಕ್ಕ ಕುಡಿಕೆಗೆ ಬಗ್ಗಿಸಿಕೊಂಡು, ಮಂದವಾದರೆ ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಒಂದೆರಡು ಹನಿ ಬೆರೆಸಿ. ಇಲ್ಲಿನ ಬೋರ್‌ವೆಲ್ ನೀರು ಬೇಡ, ಅದರ ಉಪ್ಪಿಗೆ ಮಸಿ ಒಡೆದು ಕಾಳುಕಾಳಾಗುತ್ತದೆ.

ನಿಬ್ಬು: ನಮ್ಮ ಹಿರಿಯರು ಟಾಕು ಎನ್ನುತ್ತಿದ್ದದ್ದು ಇದನ್ನೇ. ಎರಡು ಸಾಕು. ಜಪಾನಿನ ಚಿತ್ರಕಥೆಗಾರರು ಹೆಚ್ಚು ಬಳಸುವ 'ಜಿ' ನಿಬ್ಬು ಒತ್ತಿದಷ್ಟು ದಪ್ಪ ಗೆರೆ ಕೊಡುತ್ತದೆ, ಮನುಷ್ಯರನ್ನು ಬರೆಯಲು ಒಳ್ಳೆಯದು. ಮ್ಯಾಪಿಂಗ್ ನಿಬ್ಬು ಹೆಸರೇ ಹೇಳುವಂತೆ ನಕ್ಷೆ ಬರೆಯುವವರದು, ಕೂದಲೆಳೆಯಂಥ ಗೆರೆಗೆ. ಹೊಸ ನಿಬ್ಬಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆಯೋ ಮೆರುಗೋ ಬಳಿದಿರುತ್ತಾರೆ, ಅದು ಮಸಿಯನ್ನು ಹತ್ತಿರ ಸೇರಿಸುವುದಿಲ್ಲ. ಕತ್ತರಿಸಿದ ಆಲೂಗಡ್ಡೆಗೆ ಒಂದು ನಿಮಿಷ ಚುಚ್ಚಿಟ್ಟು ಒರೆಸಿದರೆ ಸರಿಹೋಗುತ್ತದೆ.

ಕುಂಚ: ಎರಡು ಅಥವಾ ಮೂರನೆಯ ನಂಬರಿನ ದುಂಡು ಕುಂಚ. ಹೊರದೇಶಗಳ ಹಳೆಯ ಕಲಾವಿದರು ಸೈಬೀರಿಯಾದ ಒಂದು ಜಾತಿಯ ವೀಸಲ್ ಪ್ರಾಣಿಯ ಬಾಲದ ಕೂದಲಿನ ಕುಂಚ ಬಳಸುತ್ತಿದ್ದರು, ಅದು ದುಬಾರಿ. ಚೆನ್ನಾಗಿ ಮೊನೆಯಾಗುವ ಸಿಂಥೆಟಿಕ್ ಕುಂಚ ಕಲಿಯಲು ಸಾಕು. ಮುಂಗುಸಿ ಕೂದಲಿನದು ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದರ ಮಾರಾಟ ಅಪರಾಧ.

ಹಾಳೆಯ ಬಗ್ಗೆ ಒಂದೇ ಮಾತು: ನಿಬ್ಬು ಗೀರಿದಾಗ ನಾರು ಏಳದ, ದಪ್ಪನೆಯ ನುಣುಪು ಐವರಿ ಶೀಟ್.

ಕೈ

ನಿಬ್ಬಿನ ನಡುವೆ ಒಂದು ಸೀಳು ಇರುತ್ತದೆ. ಒತ್ತಿದರೆ ಅದರ ಎರಡು ಹಲ್ಲುಗಳು ಅಗಲವಾಗಿ ಮಸಿ ಹೆಚ್ಚು ಇಳಿಯುತ್ತದೆ, ಬಿಟ್ಟರೆ ಕೂಡಿಕೊಳ್ಳುತ್ತವೆ. ದಪ್ಪ-ಸಣ್ಣದ ಗುಟ್ಟು ಇಷ್ಟೇ. ನಿಮ್ಮ ಕಡೆಗೆ ಎಳೆದರೆ ಹಲ್ಲುಗಳು ಸಲೀಸಾಗಿ ಅಗಲವಾಗುತ್ತವೆ. ಮುಂದಕ್ಕೆ ದೂಡಿದರೆ ಮೊನೆ ಹಾಳೆಗೆ ಚುಚ್ಚಿ ಮಸಿ ಸಿಡಿಯುತ್ತದೆ. ಆದ್ದರಿಂದ ತಿರುಗಬೇಕಾದದ್ದು ಹಾಳೆ. ಹಾಳೆಯನ್ನು ಮೇಜಿಗೆ ಟೇಪ್ ಹಚ್ಚಿ ಕೂರಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಅದ್ದುವಾಗ ನಿಬ್ಬಿನ ನಡುವಿನ ತೂತು ಮುಳುಗುವಷ್ಟು ಅದ್ದಿ, ಕುಡಿಕೆಯ ಅಂಚಿಗೆ ಒಮ್ಮೆ ತಾಗಿಸಿ.

ಕುಂಚದ ಪಾಠವನ್ನು ನಾನು ಕಲಿತದ್ದು ಗಂಗಾವತಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಹಿರಿಯರೊಬ್ಬರಿಂದ. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸ ಕಡಿಮೆಯಾಗಿದೆ, ಲಾರಿಗಳ ಹಿಂದೆ ಹೆಸರು ಬರೆಯುತ್ತಾರೆ. ನನ್ನ ಗೆರೆ ನಡುಗುವುದನ್ನು ನೋಡಿ ಅವರು, "ತಮ್ಮಾ, ಕುಂಚದ ತುದಿಯನ್ನು ಯಾಕೆ ನೋಡುತ್ತೀ? ಗೆರೆ ಎಲ್ಲಿ ಹೋಗಿ ಮುಟ್ಟಬೇಕೋ ಅಲ್ಲಿ ನೋಡು" ಎಂದರು. "ಕಾಕಾ, ದಾರಿ ತಪ್ಪಿದರೆ?" ಎಂದೆ. "ತಪ್ಪಲಿ. ನಡುಗಿದ್ದಕ್ಕಿಂತ ತಪ್ಪಿದ್ದು ಚೆಂದ ಕಾಣುತ್ತದೆ" ಎಂದರು. ಅವರು ಕಿರುಬೆರಳನ್ನು ಹಲಗೆಗೆ ಊರಿ, ಮಣಿಕಟ್ಟನ್ನು ಬಿಗಿಯಾಗಿಟ್ಟು, ಮೊಣಕೈಯಿಂದ ಎಳೆಯುತ್ತಾರೆ. ಸಣ್ಣ ಗೆರೆಗೆ ಬೆರಳು, ಮುಖಕ್ಕೆ ಮಣಿಕಟ್ಟು, ಒಂದು ಗೇಣಿಗಿಂತ ಉದ್ದದ್ದಕ್ಕೆ ಭುಜ.

ದಿನಕ್ಕೆ ಒಂದು ಪುಟ ಈ ಅಭ್ಯಾಸ ಮಾಡಿ: ಸಣ್ಣದಾಗಿ ಆರಂಭವಾಗಿ, ನಡುವೆ ದಪ್ಪವಾಗಿ, ಮತ್ತೆ ಸಣ್ಣದಾಗಿ ಮುಗಿಯುವ ಗೆರೆ, ಸಾಲಾಗಿ. ಅದು ಹಿಡಿತಕ್ಕೆ ಬಂದ ಮೇಲೆ ಒಂದು ಕಪ್ಪು ಪಟ್ಟಿಯ ಅಂಚಿನಿಂದ ಬಿಳಿಯ ಕಡೆಗೆ ಮೊನೆಯಾಗುತ್ತ ಹೋಗುವ ಗೆರೆಗಳನ್ನು ಎಳೆಯಿರಿ. ಹಕ್ಕಿಯ ಗರಿಯಂತೆ ಕಾಣುವುದರಿಂದ ಇದಕ್ಕೆ ಫೆದರಿಂಗ್ ಎನ್ನುತ್ತಾರೆ. ತೋಳು, ಬಟ್ಟೆಯ ಮಡಿಕೆ, ಕೂದಲು ಎಲ್ಲದರ ಉಬ್ಬು-ತಗ್ಗೂ ಇದರಲ್ಲೇ ಬರುತ್ತದೆ.

ಇನ್ನೊಂದು ಕಥೆ ಇಲ್ಲಿ ಸೇರಿಸಬೇಕು. ಫ್ರಾಂಕ್ಲಿನ್ ಬೂತ್ ಎಂಬ ಅಮೆರಿಕದ ಕಲಾವಿದ ಹುಡುಗನಾಗಿದ್ದಾಗ ಪತ್ರಿಕೆಗಳಲ್ಲಿದ್ದ ಮರದ ಕೆತ್ತನೆಯ ಅಚ್ಚುಗಳನ್ನು ನೋಡಿ, ಅವು ಪೆನ್ನಿನಲ್ಲೇ ಬರೆದವು ಎಂದು ತಿಳಿದು, ಒಂದೊಂದು ಗೆರೆಯನ್ನೂ ಪೆನ್ನಿನಲ್ಲಿ ನಕಲು ಮಾಡುತ್ತ ಕೂತನಂತೆ. ಆ ತಪ್ಪು ತಿಳಿವಳಿಕೆಯೇ ಅವನ ಶೈಲಿಯಾಯಿತು. ಗುರುಗಳಿಲ್ಲದೆ ಕಲಿಯುವ ನಮಗೆ ಇದು ಸ್ವಲ್ಪ ಸಮಾಧಾನ.

ಆನೆಗೊಂದಿಯ ಬಂಡೆಗಳು

ಗೆರೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ಕಪ್ಪನ್ನು ಎಲ್ಲಿ ತುಂಬಬೇಕು ಎಂಬುದು. ಇದನ್ನು ಕಲಿಯಲು ನಮ್ಮ ಜಿಲ್ಲೆಯಷ್ಟು ಒಳ್ಳೆಯ ಶಾಲೆ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಸಂಜೆ ನಾಲ್ಕೂವರೆಗೆ ಆನೆಗೊಂದಿಯಲ್ಲಿ ತುಂಗಭದ್ರೆಯ ದಡಕ್ಕೆ ಹೋಗಿ, ಒಂದು ಬಂಡೆಗುಡ್ಡೆಯ ಮುಂದೆ ಕೂತು, ಕಣ್ಣನ್ನು ಅರ್ಧ ಮುಚ್ಚಿ. ಬಿರುಕು, ಪಾಚಿ, ಕಲೆ ಎಲ್ಲ ಮಾಯವಾಗಿ ಮೂರೋ ನಾಲ್ಕೋ ನೆರಳಿನ ಆಕಾರಗಳು ಉಳಿಯುತ್ತವೆ. ಅಂಚೆಚೀಟಿಯಷ್ಟು ದೊಡ್ಡ ಚೌಕದಲ್ಲಿ ಆ ನಾಲ್ಕನ್ನಷ್ಟೇ ಕುಂಚದಲ್ಲಿ ತುಂಬಿ. ಹೊರಗೆರೆ ಬೇಡ. ಬಂಡೆ ಬಂಡೆಯಂತೆ ಕಂಡರೆ ಕಪ್ಪು ಸರಿಯಾದ ಜಾಗದಲ್ಲಿ ಬಿದ್ದಿದೆ. ಕಾಣದಿದ್ದರೆ ಮೇಲೆ ಎಷ್ಟು ಗೆರೆ ಎಳೆದರೂ ಕಾಣುವುದಿಲ್ಲ. ನಾನು ಒಂದು ತಿಂಗಳು ಇದನ್ನೇ ಮಾಡಿದೆ. ಮೊದಲ ವಾರದವು ಸಗಣಿಯ ಕುಳ್ಳಿನಂತೆ ಇವೆ.

ಆಮೇಲೆ ಗೆರೆ. ಈ ಗ್ರಾನೈಟ್ ಬಂಡೆಗಳು ಮೊದಲು ಬಿರುಕಿನ ಗುಂಟ ಒಡೆದು, ನಂತರ ಬಿಸಿಲು ಮಳೆಗೆ ಮೂಲೆ ಸವೆದು ದುಂಡಾದವು. ಹಾಗಾಗಿ ಒಂದೇ ಬಂಡೆಯಲ್ಲಿ ಎರಡು ಬಗೆಯ ಗೆರೆ ಸಿಗುತ್ತದೆ. ಬಿರುಕಿನದು ನೇರ, ಗಡುಸು; ಅದಕ್ಕೆ ನಿಬ್ಬು. ಮೈಯದು ದುಂಡು, ಅದಕ್ಕೆ ಕುಂಚ. ಬಿಸಿಲು ಬಿದ್ದ ಕಡೆ ಗೆರೆ ಸಣ್ಣದಾಗಿ, ಕೆಲವೆಡೆ ಕಡಿದೇ ಹೋಗಲಿ. ನೆಲಕ್ಕೆ ಕೂತ ಕಡೆ ದಪ್ಪವಾಗಲಿ. ಬಂಡೆಗೆ ಭಾರ ಬರುವುದು ಆ ದಪ್ಪದಿಂದ. ಅಡ್ಡ-ಉದ್ದ ಗೆರೆಗಳ ಜಾಲಿ ಹಾಕುವಾಗ ಎರಡು ಸಾಲುಗಳನ್ನು ಲಂಬವಾಗಿ ದಾಟಿಸಿದರೆ ಸೊಳ್ಳೆಪರದೆಯಾಗುತ್ತದೆ. ಕಿರಿದಾದ ಕೋನದಲ್ಲಿ ದಾಟಿಸಿ.

ಎಲ್ಲರೂ ಹೀಗೆ ದಪ್ಪ-ಸಣ್ಣ ಮಾಡಲೇಬೇಕೆಂದಿಲ್ಲ. 'ಟಿನ್‌ಟಿನ್' ಚಿತ್ರಕಥೆಗಳನ್ನು ಬರೆದ ಬೆಲ್ಜಿಯಂನ ಎರ್ಜೆ ಎಲ್ಲಕ್ಕೂ ಒಂದೇ ಹದದ ಗೆರೆ ಹಾಕಿ, ನೆರಳನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟರು. ಆ ಪದ್ಧತಿಗೆ 'ಸ್ಪಷ್ಟ ಗೆರೆ' ಎಂಬ ಅರ್ಥದ ಹೆಸರನ್ನು 1977ರಲ್ಲಿ ಕೊಟ್ಟದ್ದು ಡಚ್ ಕಲಾವಿದ ಯೋಸ್ಟ್ ಸ್ವಾರ್ಟೆ. ಸುಲಭವಾಗಿ ಕಾಣುತ್ತದೆ, ಆದರೆ ಕೈ ಎಡವಿದ್ದನ್ನು ಮುಚ್ಚಲು ಅಲ್ಲಿ ನೆರಳಿನ ಆಸರೆಯೂ ಇಲ್ಲ.

ಕಪ್ಪಿನೊಳಗೆ ಬಿಳಿ ತೆಗೆಯುವುದನ್ನು ನೋಡಬೇಕಾದರೆ ತೊಗಲುಗೊಂಬೆ ನೋಡಿ. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗೇ. ಗೊಂಬೆಯ ಒಡವೆ, ಸೆರಗಿನ ಅಂಚು ಎಲ್ಲ ತೊಗಲಿನಲ್ಲಿ ಕೊರೆದ ತೂತುಗಳು. ಬೆಳಕು ಅಲ್ಲಿಂದ ಹೊಳೆಯುತ್ತದೆ. ಮುಖ ಪಕ್ಕಕ್ಕೆ ತಿರುಗಿರುವುದರಿಂದ ಮೂಗು, ಕಿರೀಟ, ಕೈಯ ಭಂಗಿಯಲ್ಲೇ ಪಾತ್ರದ ಗುರುತು ಸಿಗುತ್ತದೆ. ನಿಮ್ಮ ಚೌಕಟ್ಟಿನ ಪಾತ್ರವನ್ನು ಪೂರ್ತಿ ಕಪ್ಪು ಮಾಡಿದರೂ ಯಾರೆಂದು ತಿಳಿಯುತ್ತದೆಯೇ? ತಿಳಿಯದಿದ್ದರೆ ಪೆನ್ಸಿಲ್‌ಗೇ ಮರಳಬೇಕು.

ಕನ್ನಡದ ಅಕ್ಷರ

ಇದನ್ನು ಇಂಗ್ಲಿಷ್ ಪುಸ್ತಕಗಳು ಹೇಳುವುದಿಲ್ಲ. ಅಲ್ಲಿ ದೊಡ್ಡಕ್ಷರಗಳು ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲುತ್ತವೆ. ನಮ್ಮದರಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. 'ಶ್ರೀಕೃಷ್ಣ' ಎಂದು ಬರೆದು ಅದರ ಕೆಳಗೆ 'ದೀರ್ಘ' ಎಂದು ಬರೆದು ನೋಡಿ. ಸಾಲುಗಳ ನಡುವೆ ಅಕ್ಷರದ ಎತ್ತರದಷ್ಟೇ ಜಾಗ ಬಿಡದಿದ್ದರೆ ಒತ್ತು ಕೆಳಗಿನ ಗುಡಿಸಿಗೆ ತಾಕುತ್ತದೆ. ಹಾಗಾಗಿ ಮಾತಿನ ಗುಳ್ಳೆಯ ಜಾಗವನ್ನು ಪೆನ್ಸಿಲ್ ಹಂತದಲ್ಲೇ ಧಾರಾಳವಾಗಿ ಬಿಡಿ, ಅಕ್ಷರಕ್ಕೆ ಮೊದಲು ಮಸಿ ಹಾಕಿ, ಚಿತ್ರಕ್ಕೆ ಆಮೇಲೆ. ಚಿತ್ರ ಮುಗಿಸಿ ಮಾತು ತುರುಕಲು ಹೋಗಿ ನಾನು ಒಬ್ಬ ಅಂಬಿಗನ ತಲೆಯನ್ನೇ ಅರ್ಧ ಮುಚ್ಚಿದ್ದೇನೆ.

'ಜಿ' ನಿಬ್ಬಿನಲ್ಲಿ ಕನ್ನಡ ಬರೆಯಲೂ ಹೋಗಬೇಡಿ. ನಮ್ಮ ಅಕ್ಷರಗಳು ದುಂಡು, ಪ್ರತಿಯೊಂದರಲ್ಲೂ ಗೆರೆ ಮೇಲಕ್ಕೆ ಏರುವ ಜಾಗವಿದೆ. ಏರುವಾಗ ನಿಬ್ಬು ಹಾಳೆಗೆ ಕಚ್ಚುತ್ತದೆ. ತುದಿ ಮೊಂಡಾದ, ಒತ್ತಿದರೆ ಬಾಗದ ನಿಬ್ಬು ಅಥವಾ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಳಸುತ್ತಿದ್ದ ಡ್ರಾಯಿಂಗ್ ಪೆನ್ನು ಒಳ್ಳೆಯದು.

ಉಳಿದ ಚಿಲ್ಲರೆ ವಿಷಯ

ಎ3 ಹಾಳೆಯಲ್ಲಿ ಬರೆದದ್ದು ಎ4ಕ್ಕೆ ಇಳಿದಾಗ ಉದ್ದ-ಅಗಲ ಸುಮಾರು ಶೇ 71 ಆಗುತ್ತದೆ. ಅರ್ಧ ಮಿಲಿಮೀಟರ್ ಬಿಟ್ಟ ಗೆರೆಗಳ ನಡುವಿನ ಸಂದು 0.35 ಮಿಲಿಮೀಟರ್ ಆಗಿ, ಸಾದಾ ಜೆರಾಕ್ಸ್‌ನಲ್ಲಿ ಮೆತ್ತಿಕೊಳ್ಳಬಹುದು. ಪೂರ್ತಿ ಪುಟಕ್ಕೆ ಮಸಿ ಹಾಕುವ ಮೊದಲೇ ಒಂದು ಮೂಲೆಯಲ್ಲಿ ನಾಲ್ಕು ಗೆರೆ ಹಾಕಿ ಜೆರಾಕ್ಸ್ ಮಾಡಿಸಿ ನೋಡಿ.

ಪೆನ್ಸಿಲ್ ಗೆರೆಯನ್ನು ತಿಳಿನೀಲಿ ಬಣ್ಣದಲ್ಲಿ ಹಾಕಿದರೆ ಅಳಿಸುವ ಕಷ್ಟ ಇಲ್ಲ. ಬ್ಲಾಕ್ ಮಾಡುವ ಫಿಲಂಗೆ ತಿಳಿನೀಲಿಯೂ ಬಿಳಿಯೂ ಒಂದೇ ಆಗಿದ್ದವು. ಈಗ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ನೀಲಿ ಚಾನೆಲ್ (ನೀಲಿ ಬೆಳಕಿನ ಪದರ) ಒಂದನ್ನೇ ಇಟ್ಟುಕೊಂಡರೂ ಅದು ಮಾಯ. ಸೀಸದ ಪೆನ್ಸಿಲ್ ಆದರೆ ಮಸಿ ಪೂರ್ತಿ ಒಣಗಿದ ಮೇಲೆ ಉಜ್ಜಿ. ಉಜ್ಜಿದಾಗ ಕಪ್ಪು ಸ್ವಲ್ಪ ಪೇಲವವಾಗುತ್ತದೆ, ದೊಡ್ಡ ಕಪ್ಪುಗಳನ್ನು ಇನ್ನೊಮ್ಮೆ ತುಂಬಬೇಕು.

ತಪ್ಪಿದ್ದಕ್ಕೆ ಬಿಳಿ ಪೋಸ್ಟರ್ ಬಣ್ಣ. ಅದರ ಮೇಲೆ ಮತ್ತೆ ಗೆರೆ ಬೇಕಿದ್ದರೆ ಕುಂಚ ಬಳಸಿ, ನಿಬ್ಬು ಅದನ್ನು ಕೆರೆದು ಎಬ್ಬಿಸುತ್ತದೆ.

ಕುಂಚವನ್ನು ತಗಡಿನ ಕಂಠದವರೆಗೆ ಮಸಿಯಲ್ಲಿ ಮುಳುಗಿಸಬೇಡಿ, ಮೂರನೇ ಎರಡು ಭಾಗ ಸಾಕು. ಕೂದಲಿನ ಬುಡದಲ್ಲಿ ಮಸಿ ಒಣಗಿದರೆ ಕುಂಚ ಬಿರಿದು ಪೊರಕೆಯಾಗುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ನೀರಿನಲ್ಲಿ ಅಲ್ಲಾಡಿಸಿ, ಕೆಲಸ ಮುಗಿದಾಗ ಮೈಸೋಪಿನಿಂದ ಅಂಗೈಯಲ್ಲೇ ತಿಕ್ಕಿ ತೊಳೆದು, ತುದಿಯನ್ನು ಬೆರಳಲ್ಲಿ ಮೊನೆ ಮಾಡಿ, ಮಲಗಿಸಿ ಒಣಗಿಸಿ. ಮೊನೆ ಕೆಳಗಾಗಿ ಲೋಟದಲ್ಲಿ ನಿಲ್ಲಿಸಿ ಮಲಗಿದ್ದ ನನ್ನ ಮೂರನೇ ನಂಬರಿನ ಕುಂಚ ಈಗ ಕೊಕ್ಕೆಯಂತೆ ಬಾಗಿದೆ. ಅದರಿಂದ ಹುಲ್ಲು ಬರೆಯುತ್ತೇನೆ.