ಇಸ್ತ್ರಿ ಕೈ ಸುಡುತ್ತೆ, ಐಆರ್ ಗನ್ ಮಾತ್ರ ತಣ್ಣಗಿದೆ ಅನ್ನುತ್ತೆ!

ಪ್ರಶ್ನೆ: ಮನೆಯಲ್ಲೇ ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್) ಮಾಡೋಣ ಅಂತ ಟೋನರ್ ಟ್ರಾನ್ಸ್‌ಫರ್ ಶುರು ಮಾಡಿದ್ದೇನೆ, ಅಂದರೆ ಲೇಸರ್ ಪ್ರಿಂಟರಿನಲ್ಲಿ ಪೇಪರಿಗೆ ಮುದ್ರಿಸಿದ ಸರ್ಕ್ಯೂಟ್ ಚಿತ್ರವನ್ನು ಇಸ್ತ್ರಿಯಿಂದ ಒತ್ತಿ ಬೋರ್ಡಿನ ತಾಮ್ರಕ್ಕೆ ಅಂಟಿಸುವುದು. ಇಸ್ತ್ರಿಪೆಟ್ಟಿಗೆ ಫುಲ್ ಇಟ್ಟು ಒತ್ತಿದರೂ ಐಆರ್ ಗನ್ (ದೂರದಿಂದಲೇ ಬಿಸಿ ಅಳೆಯುವ ಸಾಧನ) ತಾಮ್ರದ ಮೇಲೆ 50 ಡಿಗ್ರಿನೂ ತೋರಿಸುವುದಿಲ್ಲ. ಇನ್ನೂ ಕಾಯಿಸಬೇಕಾ?

ಬೇಡ. ಬೋರ್ಡ್ ಆಗಲೇ ಚೆನ್ನಾಗಿ ಕಾದಿರುತ್ತದೆ, ಗನ್ನಿಗೆ ಅದು ಕಾಣುತ್ತಿಲ್ಲ ಅಷ್ಟೆ. ಐಆರ್ ಗನ್ ಬಿಸಿಯನ್ನು ಮುಟ್ಟಿ ನೋಡುವುದಿಲ್ಲ, ಮೇಲ್ಮೈಯಿಂದ ಎಷ್ಟು ಇನ್‌ಫ್ರಾರೆಡ್ ಹೊರಬರುತ್ತಿದೆ ಅಂತ ನೋಡಿ ಲೆಕ್ಕ ಹಾಕುತ್ತದೆ. ಕಡಿಮೆ ಬೆಲೆಯ ಗನ್ನುಗಳಲ್ಲಿ ಆ ಲೆಕ್ಕಕ್ಕೆ ಎಮಿಸಿವಿಟಿ (ಮೇಲ್ಮೈ ಎಷ್ಟು ಚೆನ್ನಾಗಿ ಇನ್‌ಫ್ರಾರೆಡ್ ಹೊರಸೂಸುತ್ತದೆ ಅನ್ನುವ ಅಳತೆ, ಗರಿಷ್ಠ 1) 0.95 ಅಂತ ಮೊದಲೇ ಕೂರಿಸಿರುತ್ತಾರೆ. ಉಜ್ಜಿ ಹೊಳಪು ಬಂದ ತಾಮ್ರದ್ದು 0.1 ಕೂಡ ಇರುವುದಿಲ್ಲ, ಹಾಗಾಗಿ ಗನ್ ನೋಡುತ್ತಿರುವುದು ಬಹುಪಾಲು ತಾಮ್ರದಲ್ಲಿ ಕಾಣುವ ನಿಮ್ಮ ಕೋಣೆಯ ಪ್ರತಿಬಿಂಬವನ್ನೇ. ಇಸ್ತ್ರಿಯ ಹೊಳೆಯುವ ತಳಕ್ಕೂ ಇದೇ ಕಥೆ.

ಬೋರ್ಡಿನ ಒಂದು ಮೂಲೆಗೆ ಹೊಳಪಿಲ್ಲದ ಮಾಸ್ಕಿಂಗ್ ಟೇಪ್ ಅಂಟಿಸಿ, ಅದು ಬಿಸಿಯಾದ ಮೇಲೆ ಅಲ್ಲಿಗೆ ಗನ್ ಹಿಡಿಯಿರಿ. ರೀಡಿಂಗ್ ಒಂದೇ ಸಲ ಮೇಲೆ ಹಾರುತ್ತದೆ! ಆದರೆ ಲೇಸರ್ ಚುಕ್ಕೆ ಬಿದ್ದಷ್ಟೇ ಜಾಗವನ್ನು ಅದು ಅಳೆಯುತ್ತದೆ ಅಂದುಕೊಳ್ಳಬೇಡಿ. 12:1 (ದೂರಕ್ಕೂ ಅಳೆಯುವ ಜಾಗದ ಅಗಲಕ್ಕೂ ಇರುವ ಅನುಪಾತ) ಅಂತ ಬರೆದಿರುವ ಗನ್ 30 ಸೆಂಟಿಮೀಟರ್ ದೂರದಿಂದ ಎರಡೂವರೆ ಸೆಂಟಿಮೀಟರ್ ಅಗಲದ ವೃತ್ತವನ್ನು ನೋಡುತ್ತದೆ, ಸಣ್ಣ ಟೇಪ್ ಆದರೆ ಸುತ್ತಲಿನ ತಾಮ್ರವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಹತ್ತಿರ ಹಿಡಿಯಿರಿ.

ನನ್ನನ್ನು ಕೇಳಿದರೆ ಕೆಲವು ಮಲ್ಟಿಮೀಟರ್ ಜೊತೆ ಬರುವ ಕೆ-ಟೈಪ್ ಥರ್ಮೋಕಪಲ್ಲೇ (ಮುಟ್ಟಿಸಿ ಬಿಸಿ ಅಳೆಯುವ ತಂತಿ) ವಾಸಿ. ಅದರ ತುದಿಯ ಸಣ್ಣ ಗುಂಡನ್ನು ಟ್ರ್ಯಾಕ್ (ಸರ್ಕ್ಯೂಟಿನ ಗೆರೆ) ಇಲ್ಲದ ಅಂಚಿನಲ್ಲಿ ತಾಮ್ರಕ್ಕೆ ತಾಗಿಸಿ, ಬಿಸಿ ತಡೆಯುವ ಕ್ಯಾಪ್ಟಾನ್ ಟೇಪಿನಿಂದ ಬಿಗಿಯಾಗಿ ಒತ್ತಿ ಅಂಟಿಸಿ. ಸ್ವಲ್ಪ ಎದ್ದರೂ ಗಾಳಿಯ ಬಿಸಿ ಅಳೆಯುತ್ತದೆ. ಟ್ರ್ಯಾಕ್ ಇರುವ ಕಡೆ ಇಟ್ಟರೆ ಅಲ್ಲಿ ಉಬ್ಬಾಗಿ ಇಸ್ತ್ರಿ ಸರಿಯಾಗಿ ಕೂರುವುದಿಲ್ಲ.

ಇಸ್ತ್ರಿಯ ಡಯಲ್? ಅದು ಬೋರ್ಡಿನ ಬಿಸಿ ಹೇಳುವುದಿಲ್ಲ. ಮೂರು ಚುಕ್ಕೆಗೆ ತಳ ಸುಮಾರು 200 ಡಿಗ್ರಿ, ಅದೂ ಥರ್ಮೋಸ್ಟಾಟ್ ಆನ್-ಆಫ್ ಆದಂತೆ ಏರಿಳಿಯುತ್ತಿರುತ್ತದೆ. ಮಧ್ಯೆ ಪೇಪರ್ ಬೇರೆ ಇದೆ, ದೊಡ್ಡ ಬೋರ್ಡ್ ಆದರೆ ಕಾಯೋಕೆ ಜಾಸ್ತಿ ಹೊತ್ತು ಬೇಕು. ಸ್ಟೀಮ್ ಮಾತ್ರ ಆಫ್ ಇರಲಿ.

ಎಷ್ಟು ಡಿಗ್ರಿ ಸರಿ ಅಂದರೆ, ಟೋನರ್ ಅನ್ನೋದು ಪ್ಲಾಸ್ಟಿಕ್ ಪುಡಿ, ಪ್ರಿಂಟರಿನಿಂದ ಪ್ರಿಂಟರಿಗೆ ಕರಗುವ ಬಿಸಿ ಬೇರೆ. ತಾಮ್ರದ ಮೇಲೆ 130ರಿಂದ ಶುರು ಮಾಡಿ, ಸಣ್ಣ ತುಂಡುಗಳಲ್ಲಿ ಹತ್ತತ್ತು ಡಿಗ್ರಿ ಏರಿಸುತ್ತಾ ಹೋಗಿ. ಪೇಪರ್ ತೆಗೆದಾಗ ಟೋನರ್ ಅದರ ಜೊತೆಗೇ ಎದ್ದು ಬಂದರೆ ಬಿಸಿ ಸಾಲದು, ಇಲ್ಲವೇ ತಾಮ್ರದ ಮೇಲೆ ಜಿಡ್ಡಿದೆ. ಟ್ರ್ಯಾಕ್ ದಪ್ಪಗಾಗಿ ಒಂದಕ್ಕೊಂದು ಅಂಟಿದರೆ ಬಿಸಿಯೋ ಒತ್ತಡವೋ ಜಾಸ್ತಿ. ಮಾಮೂಲಿ ಎಫ್ಆರ್4 (ಗಾಜಿನ ನಾರು ಮತ್ತು ರಾಳದ) ಬೋರ್ಡಿನ ರಾಳ 130-140ಕ್ಕೇ ಮೆತ್ತಗಾಗಲು ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ತೊಂದರೆಯಿಲ್ಲ, ಆದರೆ ಸುಮ್ನೆ ತುಂಬಾ ಹೊತ್ತು ಕಾಯಿಸಿದರೆ ತಾಮ್ರವೇ ಗುಳ್ಳೆ ಎದ್ದು ಬಿಡುತ್ತದೆ.