ಮಗು ಕುದುರೆ ಮೇಲೆ, ಮೂವರು ನೆಲದ ಮೇಲೆ

ಅಂಗವೈಕಲ್ಯ ಇರುವ ಮಕ್ಕಳಿಗೆ ಕುದುರೆ ಸವಾರಿ ಮಾಡಿಸುತ್ತಾರೆ, ಅದರಿಂದ ಅವರಿಗೆ ಒಳ್ಳೆಯದಾಗುತ್ತದೆ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಊಟಿ ಕೆರೆ ಪಕ್ಕದ ಕುದುರೆಗಳು. ದುಡ್ಡು ಕೊಡು, ಹತ್ತಿಸು, ಒಂದು ಸುತ್ತು ಹಾಕಿಸು, ಫೋಟೋ ತೆಗಿ, ಇಳಿಸು. ಮಗು ನಕ್ಕಿತು, ಮುಗೀತು. ಆ ನಗು ಬೇಡ ಅಂತ ಅಲ್ಲ. ಆದರೆ ನಾನು ಹೇಳಹೊರಟಿರುವುದು ಬೇರೆಯೇ ಕೆಲಸದ ಬಗ್ಗೆ. ಇದರಲ್ಲಿ ಕುದುರೆ ಓಡುವುದು ಕಮ್ಮಿ, ಹೆಚ್ಚಿನ ಹೊತ್ತು ಬರೀ ನಡೆಯುತ್ತದೆ. ಬೇಕಾಗಿರುವುದೂ ಆ ನಡಿಗೆಯೇ. ಮತ್ತೆ, ಮೈಮೇಲೆ ಹಿಡಿತ ಇಲ್ಲದ ಒಂದು ಮಗು ಅರ್ಧ ಗಂಟೆ ಕುದುರೆ ಮೇಲೆ ಕೂರಬೇಕಾದರೆ ಕೆಳಗೆ ಮೂರು ಜನ ಜೊತೆಜೊತೆಗೆ ನಡೆಯಬೇಕು. ಇವರಲ್ಲಿ ಬಹಳಷ್ಟು ಮಂದಿ ಸಂಬಳ ಇಲ್ಲದ ವಾಲಂಟಿಯರ್‌ಗಳು.

ಮೊದಲು ಕುದುರೆಯ ನಡಿಗೆ ನೋಡೋಣ. ನಾವು ನಡೆಯುವಾಗ ನಮ್ಮ ಸೊಂಟ ಒಂದೇ ಕಡೆ ನಿಂತಿರುವುದಿಲ್ಲ. ಹೆಜ್ಜೆಗೊಮ್ಮೆ ಒಂದು ಪಕ್ಕ ಸ್ವಲ್ಪ ಇಳಿಯುತ್ತದೆ, ಸ್ವಲ್ಪ ತಿರುಗುತ್ತದೆ, ಮುಂದಕ್ಕೆ ಹಿಂದಕ್ಕೆ ವಾಲುತ್ತದೆ. ಕುದುರೆ ಒಂದೊಂದೇ ಹಿಂಗಾಲು ಎತ್ತಿಟ್ಟಂತೆ ಅದರ ಬೆನ್ನು ಅತ್ತಿತ್ತ ತೂಗುತ್ತದೆ. ಮೇಲೆ ಕೂತವರ ಸೊಂಟವೂ ಅದರ ಜೊತೆ ಆಡುತ್ತದೆ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಮುಂದೆ, ಹಿಂದೆ, ಜೊತೆಗೆ ಒಂದಿಷ್ಟು ತಿರುವು. ಮನುಷ್ಯರು ನಡೆಯುವಾಗ ಸೊಂಟ ಆಡುವ ರೀತಿಗೆ ಇದು ತುಂಬಾ ಹತ್ತಿರ. ವೇಗವೂ ಹತ್ತಿರವೇ: ಕುದುರೆಯ ಹಿಂಗಾಲುಗಳು ನಿಮಿಷಕ್ಕೆ ಹೆಚ್ಚುಕಡಿಮೆ 100 ಹೆಜ್ಜೆ ಹಾಕುತ್ತವೆ, ದೊಡ್ಡವರು ಮಾಮೂಲಾಗಿ ನಡೆದರೆ 100ರಿಂದ 120. ಹಾಗಾದರೆ 20 ನಿಮಿಷಕ್ಕೆ ಸುಮಾರು 2000 ಹೆಜ್ಜೆ. ತನ್ನ ಕಾಲ ಮೇಲೆ ನಿಲ್ಲಲಾಗದ ಮಗುವಿನ ಸೊಂಟಕ್ಕೆ ಇಷ್ಟೊಂದು ಹೆಜ್ಜೆಗಳ ಪರಿಚಯ ಮಾಡಿಸುವ ಉಪಾಯ ಬೇರೆ ಜಾಸ್ತಿ ಇಲ್ಲ.

ಆದರೆ ಸುಮ್ನೆ ಹೊತ್ತು ತಿರುಗಿದರೆ ಏನೂ ಆಗುವುದಿಲ್ಲ. ಪ್ರತಿ ಹೆಜ್ಜೆಯೂ ಮಗುವಿನ ಮೈಯನ್ನು ನಡುಗೆರೆಯಿಂದ ಒಂಚೂರು ಆಚೆ ತಳ್ಳುತ್ತದೆ, ಮಗು ತನ್ನ ಹೊಟ್ಟೆಯ ಮತ್ತು ಬೆನ್ನಿನ ಸ್ನಾಯುಗಳನ್ನು ಬಿಗಿದು ಮತ್ತೆ ನೆಟ್ಟಗಾಗುತ್ತದೆ, ಅಷ್ಟರಲ್ಲಿ ಮುಂದಿನ ಹೆಜ್ಜೆ ಬಂದಿರುತ್ತದೆ. ಕುದುರೆಯನ್ನು ನಿಲ್ಲಿಸಿದರೆ ಮೈ ಮುಂದಕ್ಕೆ ಹೋಗುತ್ತದೆ. ಹೊರಡಿಸಿದರೆ ಹಿಂದಕ್ಕೆ. ಸುತ್ತು ಹೊಡೆಸಿದರೆ ಹೊರಗಿನ ಕಡೆಗೆ. ಥೆರಪಿಸ್ಟ್ ಇವನ್ನೆಲ್ಲ ಲೆಕ್ಕ ಹಾಕಿಯೇ ಮಾಡಿಸುತ್ತಾರೆ. ಕೆಲವು ಮಕ್ಕಳನ್ನು ಪಕ್ಕಕ್ಕೆ ಮುಖ ಮಾಡಿ ಕೂರಿಸುತ್ತಾರೆ, ಕೆಲವರನ್ನು ಕುದುರೆಯ ಬಾಲದ ಕಡೆಗೆ ತಿರುಗಿಸಿ ಕೂರಿಸುತ್ತಾರೆ. ಫಿಸಿಯೋಥೆರಪಿಸ್ಟೋ ಮಾತಿನ ಥೆರಪಿಸ್ಟೋ ಕುದುರೆಯ ಚಲನೆಯನ್ನು ಹೀಗೆ ತಮ್ಮ ಚಿಕಿತ್ಸೆಗೆ ಬಳಸಿಕೊಂಡರೆ ಅದನ್ನು ಹಿಪ್ಪೋಥೆರಪಿ ಎನ್ನುತ್ತಾರೆ. ತರಬೇತಿ ಪಡೆದ ಇನ್‌ಸ್ಟ್ರಕ್ಟರ್ ಮಗುವಿಗೆ ಸವಾರಿಯನ್ನೇ ಕಲಿಸಿದರೆ ಅದು ಥೆರಪ್ಯೂಟಿಕ್ ರೈಡಿಂಗ್. ಎರಡನ್ನೂ ಕಲಸುಮೇಲೋಗರ ಮಾಡಿ ಹೇಳುವವರೇ ಜಾಸ್ತಿ, ಎಚ್ಚರ ಇರಲಿ.

ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮೆದುಳಿಗೆ ಆದ ತೊಂದರೆಯಿಂದ ಮೈಮೇಲೆ ಹಿಡಿತ ತಪ್ಪುವ ಸ್ಥಿತಿ, ಇರುವ ಎಷ್ಟೋ ಮಕ್ಕಳಿಗೆ ತೊಡೆಯ ಒಳಗಿನ ಸ್ನಾಯುಗಳು ಬಿಗಿದುಕೊಂಡಿರುತ್ತವೆ, ಮಂಡಿಗಳು ಒಂದಕ್ಕೊಂದು ತಾಗುತ್ತವೆ. ಕುದುರೆಯ ಮೈ 38 ಡಿಗ್ರಿ ಸೆಲ್ಸಿಯಸ್ ಆಸುಪಾಸು, ನಮಗಿಂತ ಒಂದು ಡಿಗ್ರಿ ಬಿಸಿ. ಅಗಲವಾದ ಬೆಚ್ಚಗಿನ ಬೆನ್ನ ಮೇಲೆ ಕಾಲು ಅಗಲಿಸಿ ಕೂತರೆ ಆ ಬಿಗಿತ ಸಡಿಲವಾಗುತ್ತದೆ. ಹಾಗಾದರೆ ಲಾಭ ಎಲ್ಲ ಬರೀ ಕೂರುವುದರಿಂದಲೇ ಬರುತ್ತಿರಬಹುದಲ್ವಾ? ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನ ಇದನ್ನೇ ಕೇಳಿತು. ಸೆರೆಬ್ರಲ್ ಪಾಲ್ಸಿ ಇರುವ 15 ಮಕ್ಕಳು. ಕೆಲವರು 8 ನಿಮಿಷ ನಡೆಯುವ ಕುದುರೆಯ ಮೇಲೆ, ಉಳಿದವರು ಅಷ್ಟೇ ಹೊತ್ತು ಕದಲದ ಒಂದು ಪೀಪಾಯಿಯ ಮೇಲೆ, ಅದೇ ರೀತಿ ಕಾಲು ಅಗಲಿಸಿ. ಮೊದಲು ಮತ್ತು ಆಮೇಲೆ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದರು. ಕುದುರೆ ಮೇಲೆ ಕೂತವರಲ್ಲಿ ಎಡ ಬಲ ಸ್ನಾಯುಗಳ ನಡುವಿನ ಏರುಪೇರು ಕಮ್ಮಿಯಾಗಿತ್ತು. ಪೀಪಾಯಿ ಮೇಲೆ ಕೂತವರಲ್ಲಿ ಹಾಗಾಗಲಿಲ್ಲ. 15 ಮಕ್ಕಳ ಪರೀಕ್ಷೆಯಿಂದ ದೊಡ್ಡ ತೀರ್ಮಾನಕ್ಕೆ ಬರಬಾರದು, ಒಪ್ಪಿದೆ. ಆದರೂ ನನಗೆ ಈ ಪ್ರಯೋಗ ಇಷ್ಟ. ಕುದುರೆಯ ಪ್ರೀತಿ, ಪ್ರಾಣಿಯ ಮನಸ್ಸು ಅಂತೆಲ್ಲ ಹೋಗದೆ, ನೇರವಾಗಿ ಚಲನೆಯ ಮೇಲೆ ಬೆರಳಿಟ್ಟಿದೆ.

ಈಗ ನೆಲದ ಮೇಲಿರುವವರ ಕಡೆ ಬರೋಣ. ಕುದುರೆಯ ಹಗ್ಗ ಹಿಡಿದು ನಡೆಸುವವರು ಒಬ್ಬರು, ಅವರನ್ನು ಲೀಡರ್ ಎನ್ನುತ್ತಾರೆ. ಮಗುವಿನ ಎಡಕ್ಕೊಬ್ಬರು ಬಲಕ್ಕೊಬ್ಬರು ಇರುವವರು ಸೈಡ್‌ವಾಕರ್‌ಗಳು. ಇನ್‌ಸ್ಟ್ರಕ್ಟರ್ ಇವರಲ್ಲದೆ ಬೇರೆ. ಸೈಡ್‌ವಾಕರ್ ಕೆಲಸ ನೋಡುವವರಿಗೆ ಏನೂ ಅಲ್ಲ ಅನ್ನಿಸುತ್ತದೆ. ಮುಂಗೈಯನ್ನು ಮಗುವಿನ ತೊಡೆಯ ಮೇಲೆ ಅಡ್ಡ ಇಡಬೇಕು, ಬೆರಳುಗಳಿಂದ ಜೀನಿನ ಮುಂಭಾಗ ಹಿಡಿಯಬೇಕು, ಕುದುರೆಯ ಜೊತೆ ಹೆಜ್ಜೆ ಹಾಕಬೇಕು, ಅಷ್ಟೇ. ಐದು ನಿಮಿಷ ತೋಳನ್ನು ಭುಜದ ಎತ್ತರಕ್ಕೆ ಎತ್ತಿಕೊಂಡು ಮರಳಿನಲ್ಲಿ ನಡೆದು ನೋಡಿ, ಆಮೇಲೆ ಮಾತಾಡೋಣ.

ತೋಳು ಸೋತಾಗ ಏನು ಮಾಡುತ್ತೇವೆ? ಗೊತ್ತಿಲ್ಲದೇ ಅದರ ಭಾರವನ್ನು ಮಗುವಿನ ತೊಡೆಯ ಮೇಲೆ ಬಿಡುತ್ತೇವೆ. ಎಡವಟ್ಟಾಗುವುದೇ ಇಲ್ಲಿ. ಒಂದು ಕಡೆ ಭಾರ ಬಿದ್ದರೆ ಜೀನು ಆ ಕಡೆ ಜರುಗುತ್ತದೆ, ಮಗು ವಾಲುತ್ತದೆ, ಎಡ ಬಲ ಸಮ ಮಾಡಲೆಂದು ಕೂರಿಸಿದ ಮಗುವಿಗೆ ನಾವೇ ಓರೆಯಾಗಿ ಕೂರುವುದನ್ನು ಕಲಿಸಿದಂತಾಗುತ್ತದೆ. ಇನ್ನೊಂದು ತಪ್ಪು ಭಯದಿಂದ ಆಗುವಂಥದ್ದು. ಬಿದ್ದುಬಿಟ್ಟರೆ ಗತಿ ಏನು ಅಂತ ಗಟ್ಟಿಯಾಗಿ ಅವಚಿ ಹಿಡಿಯುವುದು. ಮಗು ಬೀಳುವುದಿಲ್ಲ ನಿಜ, ಆದರೆ ಅದರ ಸ್ನಾಯುಗಳಿಗೆ ಮಾಡಲು ಕೆಲಸವೂ ಉಳಿಯುವುದಿಲ್ಲ. ಕುದುರೆ 2000 ಹೆಜ್ಜೆ ಹಾಕಿ ತಳ್ಳಿದ್ದನ್ನೆಲ್ಲ ಸೈಡ್‌ವಾಕರ್‌ನ ಕೈಯೇ ನುಂಗಿಬಿಟ್ಟಿರುತ್ತದೆ. ಹಾಗಾಗಿ ಒಳ್ಳೆಯ ಇನ್‌ಸ್ಟ್ರಕ್ಟರ್‌ಗಳು ಹಿಡಿತವನ್ನು ಮೆಲ್ಲಗೆ ಕಮ್ಮಿ ಮಾಡಿಸುತ್ತಾ ಹೋಗುತ್ತಾರೆ. ಮೊದಲು ತೊಡೆ, ಆಮೇಲೆ ಬರೀ ಕಾಲಿನ ಹರಡು, ಕೊನೆಗೆ ಕೈ ತೆಗೆದು ಪಕ್ಕದಲ್ಲಿ ನಡೆಯುವುದಷ್ಟೇ. ಕೈ ಸೋತರೆ ಕುದುರೆಯನ್ನು ಮೈದಾನದ ನಡುವೆ ನಿಲ್ಲಿಸಿ ಸೈಡ್‌ವಾಕರ್‌ಗಳು ಎಡ ಬಲ ಬದಲಾಯಿಸಿಕೊಳ್ಳುತ್ತಾರೆ. ಅದೂ ಒಬ್ಬೊಬ್ಬರಾಗಿ, ಮಗು ಒಂದು ಕ್ಷಣವೂ ಎರಡು ಕಡೆ ಖಾಲಿ ಇರಬಾರದು.

ಬಾಯಿಗೂ ಇದೇ ನಿಯಮ. ಇನ್‌ಸ್ಟ್ರಕ್ಟರ್ "ಬಲಗೈ ಎತ್ತು" ಅಂದರೆ ಆ ಮಾತು ಮಗುವಿಗೆ ಮುಟ್ಟಿ, ಅರ್ಥವಾಗಿ, ಕೈವರೆಗೆ ಹೋಗಲು ಕೆಲವು ಸೆಕೆಂಡ್ ಬೇಕು. ಆಟಿಸಂ ಇರುವ ಮಗುವಿಗೆ ಇನ್ನೂ ಜಾಸ್ತಿ ಬೇಕಾಗಬಹುದು. ಅಷ್ಟರಲ್ಲಿ ಎಡಗಡೆಯವರು "ಎತ್ತು ಪುಟ್ಟಾ" ಅಂದು, ಬಲಗಡೆಯವರು "ಅದಲ್ಲ, ಈ ಕೈ" ಅಂದರೆ ಮಗುವಿಗೆ ಮೂರು ಕಡೆಯಿಂದ ಗದ್ದಲ. ಆದ್ದರಿಂದ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಮಾತು, ಅದೂ ಕಾದು ನೋಡಿದ ಮೇಲೆ. ಕೂಸು ಬಾಯಿ ತೆರೆಯುವ ಮೊದಲೇ ತುತ್ತು ತುರುಕಿ ಅಭ್ಯಾಸ ಇರುವ ನಮ್ಮಂಥವರಿಗೆ ಹೀಗೆ ಸುಮ್ಮನೆ ಕಾಯುವುದು ತೋಳು ನೋವಿಗಿಂತ ಕಷ್ಟ.

ಲೀಡರ್ ಮಾಡುವ ಒಂದು ಕೆಲಸ ಇನ್ನೂ ಸೂಕ್ಷ್ಮವಾದದ್ದು. ಕುದುರೆ ಹೊರಡಬೇಕಾದರೆ ಮಗು "ವಾಕ್ ಆನ್" ಅನ್ನಬೇಕು. ಮಾತು ಬರದಿದ್ದರೆ ಒಂದು ಸದ್ದು, ಒಂದು ಸನ್ನೆ, ಕುದುರೆಯ ಕುತ್ತಿಗೆಗೆ ಒಂದು ತಟ್ಟು, ಏನಾದರೂ ಸರಿ. ಅದು ಬರುವವರೆಗೆ ಲೀಡರ್ ಕಾಯುತ್ತಾರೆ, ಬಂದ ತಕ್ಷಣ ಕುದುರೆಗೆ ಸದ್ದಿಲ್ಲದೆ ಸೂಚನೆ ಕೊಡುತ್ತಾರೆ. 400-500 ಕಿಲೋ ತೂಕದ ಪ್ರಾಣಿ ತನ್ನ ಮಾತು ಕೇಳಿ ಹೊರಟಿತು ಅಂತ ಮಗುವಿಗೆ ಅನ್ನಿಸಬೇಕು.

ಇದರ ಇತಿಹಾಸದಲ್ಲಿ ಎಲ್ಲರೂ ನೆನೆಯುವ ಹೆಸರು ಡೆನ್ಮಾರ್ಕ್‌ನ ಲಿಸ್ ಹಾರ್ಟೆಲ್. 1944ರಲ್ಲಿ, 23ನೇ ವಯಸ್ಸಿನಲ್ಲಿ, ಬಸುರಿಯಾಗಿದ್ದಾಗ ಆಕೆಗೆ ಪೋಲಿಯೋ ಬಂತು. ಮಂಡಿಯಿಂದ ಕೆಳಗೆ ಶಕ್ತಿ ಮರಳಲೇ ಇಲ್ಲ. ಮತ್ತೆ ಕುದುರೆ ಹತ್ತಿದರು. ಸವಾರರ ಸೂಕ್ಷ್ಮ ಸೂಚನೆಗೆ ಕುದುರೆ ಎಷ್ಟು ಚೆನ್ನಾಗಿ ಹೆಜ್ಜೆ ಹಾಕುತ್ತದೆ ಅಂತ ನೋಡುವ ಒಲಿಂಪಿಕ್ಸ್‌ನ ಡ್ರೆಸ್ಸಾಜ್ ಸ್ಪರ್ಧೆ ಅಲ್ಲಿಯವರೆಗೆ ಗಂಡಸರಿಗೆ ಮಾತ್ರ ಇತ್ತು, 1952ರ ಹೆಲ್ಸಿಂಕಿಯಲ್ಲಿ ಮೊದಲ ಸಲ ಹೆಂಗಸರಿಗೂ ತೆರೆಯಿತು. ಹಾರ್ಟೆಲ್ ಗಂಡಸರ ಜೊತೆ ಸ್ಪರ್ಧಿಸಿ ಬೆಳ್ಳಿ ಪದಕ ಗೆದ್ದರು, 1956ರಲ್ಲಿ ಇನ್ನೊಂದು. ಕುದುರೆ ಹತ್ತಲು ಇಳಿಯಲು ಆಕೆಗೆ ಬೇರೆಯವರು ಬೇಕಿತ್ತು. ಹೆಲ್ಸಿಂಕಿಯಲ್ಲಿ ಪದಕದ ಮೆಟ್ಟಿಲು ಹತ್ತಲು ಆಸರೆಯಾದದ್ದು ಚಿನ್ನ ಗೆದ್ದ ಸ್ವೀಡನ್ನಿನ ಸೇಂಟ್ ಸಿರ್. ಪೋಲಿಯೋ ಮನೆಮನೆಯ ಭಯವಾಗಿದ್ದ ಕಾಲ ಅದು. ಫಿಸಿಯೋಥೆರಪಿಸ್ಟ್‌ಗಳ ಕಣ್ಣು ಕುದುರೆಗಳ ಕಡೆ ತಿರುಗಿತು. 1969ರಲ್ಲಿ ಬ್ರಿಟನ್ನಿನಲ್ಲಿ ರೈಡಿಂಗ್ ಫಾರ್ ದಿ ಡಿಸೇಬಲ್ಡ್ ಅಸೋಸಿಯೇಷನ್ ಹುಟ್ಟಿತು. ಈಗ ಪಾತ್ ಇಂಟರ್‌ನ್ಯಾಷನಲ್ ಅಂತ ಕರೆಯುವ ಅಮೆರಿಕದ ಸಂಸ್ಥೆಯೂ ಅದೇ ವರ್ಷದ್ದು. ಎರಡೂ ಬೆಳೆದದ್ದು ವಾಲಂಟಿಯರ್‌ಗಳ ಬಲದಿಂದ. 1996ರಿಂದ ಪ್ಯಾರಾಲಿಂಪಿಕ್ಸ್‌ನಲ್ಲೂ ಡ್ರೆಸ್ಸಾಜ್ ಇದೆ.

ಹಾಗಾದರೆ ಇದು ಕೆಲಸ ಮಾಡುತ್ತದಾ? ಜಾಹೀರಾತು ಹೇಳುವಷ್ಟು ನೇರ ಉತ್ತರ ಇಲ್ಲ. ಆಸ್ಟ್ರೇಲಿಯಾದಲ್ಲಿ ಸೆರೆಬ್ರಲ್ ಪಾಲ್ಸಿ ಇರುವ 99 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ 10 ವಾರ ಸವಾರಿ ಕೊಟ್ಟರು. 2009ರಲ್ಲಿ ಬಂದ ಫಲಿತಾಂಶ: ದೇಹದ ಸಾಮರ್ಥ್ಯದಲ್ಲಾಗಲಿ, ಆರೋಗ್ಯದಲ್ಲಾಗಲಿ, ಬದುಕಿನ ಗುಣಮಟ್ಟದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಇದನ್ನು ಮರೆಮಾಚುವವರನ್ನು ನಾನು ನಂಬುವುದಿಲ್ಲ. ಬೇರೆ ಕಡೆ, ಚಿಕ್ಕ ಅಧ್ಯಯನಗಳಲ್ಲಿ, ಕೂರುವ ಭಂಗಿ ಮತ್ತು ಸಮತೋಲನ ಸುಧಾರಿಸಿದ್ದು ಕಂಡಿದೆ.

ಆಟಿಸಂ ವಿಷಯದಲ್ಲಿ ಪುರಾವೆ ಇನ್ನೂ ಸ್ವಲ್ಪ ಗಟ್ಟಿ. ಅಮೆರಿಕದ ಕೊಲರಾಡೋದಲ್ಲಿ 6ರಿಂದ 16 ವರ್ಷದ 127 ಮಕ್ಕಳ ಮೇಲೆ ನಡೆದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಹೋಲಿಕೆಯ ಗುಂಪಿನವರನ್ನು ಮನೆಯಲ್ಲಿ ಬಿಡಲಿಲ್ಲ, ಅವರನ್ನೂ ಲಾಯಕ್ಕೆ ಕರೆತಂದು ಕುದುರೆಗಳ ಬಗ್ಗೆ ಕಲಿಸಿದರು. ನಿಜವಾದ ಕುದುರೆಯ ಬದಲು ಅಷ್ಟೇ ದೊಡ್ಡ ಗೊಂಬೆ ಕುದುರೆ, ಅಷ್ಟೇ. ಜಾಣತನದ ಏರ್ಪಾಡು ಅಲ್ವಾ? ಹೊರಗಡೆ ಹೋದ ಖುಷಿ, ದೊಡ್ಡವರ ಗಮನ, ಗೆಳೆಯರ ಜೊತೆ, ಎಲ್ಲ ಎರಡೂ ಕಡೆ ಸಮ. ಆದರೂ ನಿಜವಾದ ಕುದುರೆ ಹತ್ತಿದ ಮಕ್ಕಳಲ್ಲಿ ಸಿಡಿಮಿಡಿ ಮತ್ತು ಚಡಪಡಿಕೆ ಹೆಚ್ಚು ಇಳಿಯಿತು, ಅವರು ಆಡುವ ಪದಗಳೂ ಹೆಚ್ಚಿದವು.

ಫಲಿತಾಂಶಗಳು ಹೀಗೆ ಒಂದೊಂದು ಕಡೆ ಒಂದೊಂದು ಥರ ಬರಲು ಕಾರಣ ಹುಡುಕುವುದು ಕಷ್ಟವಲ್ಲ. ಮಾತ್ರೆಯಾದರೆ ಎಲ್ಲರಿಗೂ ಒಂದೇ ಪ್ರಮಾಣ. ಇಲ್ಲಿ ಕುದುರೆ ಬೇರೆ, ಅದರ ಹೆಜ್ಜೆಯ ಉದ್ದ ಬೇರೆ, ಮಗುವಿನ ತೊಂದರೆ ಬೇರೆ. ನನ್ನ ಅನುಮಾನ ಏನೆಂದರೆ ಪಕ್ಕದವರ ಹಿಡಿತವೂ ಇದರಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ಅದನ್ನು ಅಳೆಯುವ ತಲೆನೋವು ಬೇಡವೆಂದು ಬಿಟ್ಟರೆ, ಮಗುವಿಗೆ ನಿಜವಾಗಿ ಎಷ್ಟು ಚಲನೆ ಸಿಕ್ಕಿತು ಎಂಬುದೇ ತಿಳಿಯುವುದಿಲ್ಲ.

ಕುದುರೆಯನ್ನೂ ಕೇಳಬೇಕು. ಎರಡು ಕಣ್ಣು ತಲೆಯ ಎರಡು ಪಕ್ಕ ಇರುವುದರಿಂದ ಅದಕ್ಕೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ, ಬೆನ್ನ ಹಿಂದೆ ಮತ್ತು ಹಣೆಯ ಮುಂದೆ ಮಾತ್ರ ಕುರುಡು. ಬೆದರಿದರೆ ಓಡುವುದು ಅದರ ಸ್ವಭಾವ. ಅಂಥ ಪ್ರಾಣಿ ಎರಡೂ ಪಕ್ಕಕ್ಕೆ ಮೈ ತಾಗಿಸಿಕೊಂಡು ನಡೆಯುವ ಜನರನ್ನು, ಗಾಲಿಕುರ್ಚಿಯನ್ನು, ಇದ್ದಕ್ಕಿದ್ದಂತೆ ಕಿರುಚುವ ಮಗುವನ್ನು ಸಹಿಸಿಕೊಳ್ಳಬೇಕು. ಓರೆಯಾಗಿ ಕೂತ ಭಾರ ಅದರ ಬೆನ್ನಿಗೂ ನೋವೇ. ಕಿವಿ ಹಿಂದಕ್ಕೆ ಒತ್ತಿ ಬಾಲ ಬೀಸತೊಡಗಿದರೆ ಆವತ್ತಿಗೆ ಸಾಕು ಅಂತ ಅರ್ಥ. ಅತ್ಯಂತ ಅಪಾಯದ ಗಳಿಗೆ ಹತ್ತಿಸುವುದು ಮತ್ತು ಇಳಿಸುವುದು. ರ್‍ಯಾಂಪ್ ಪಕ್ಕದ ಇಕ್ಕಟ್ಟಿನಲ್ಲಿ ಕುದುರೆ ಅಲುಗದೆ ನಿಲ್ಲಬೇಕು. ಎಲ್ಲಾದರೂ ಎಡವಟ್ಟಾದರೆ ಇನ್‌ಸ್ಟ್ರಕ್ಟರ್ ಹೇಳಿದ ತಕ್ಷಣ ಲೀಡರ್ ಕುದುರೆಯನ್ನು ಹಿಡಿಯುತ್ತಾರೆ, ಬಲಗಡೆಯವರು ಮಗುವಿನ ಪಾದವನ್ನು ರಿಕಾಪಿನಿಂದ ಬಿಡಿಸುತ್ತಾರೆ, ಎಡಗಡೆಯವರು ಮಗುವನ್ನು ಎಳೆದು ಅಪ್ಪಿಕೊಂಡು ದೂರ ಸರಿಯುತ್ತಾರೆ. ಇದನ್ನು ಮೊದಲೇ ಅಭ್ಯಾಸ ಮಾಡಿಸಿರುತ್ತಾರೆ.

ಎಲ್ಲ ಮಕ್ಕಳಿಗೂ ಇದು ಆಗಿಬರುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಕೆಲವರಿಗೆ ಕತ್ತಿನ ಮೊದಲ ಎರಡು ಮೂಳೆಗಳ ಕೀಲು ಸಡಿಲ ಇರುತ್ತದೆ, ಡಾಕ್ಟರ್ ನೋಡಿ ಒಪ್ಪದೆ ಹತ್ತಿಸಬಾರದು. ಹತೋಟಿಗೆ ಬಾರದ ಫಿಟ್ಸ್, ಕೀಲು ತಪ್ಪಿದ ಸೊಂಟ, ಸುಲಭವಾಗಿ ಮುರಿಯುವ ಮೂಳೆ, ಬೆನ್ನು ತೀರಾ ವಕ್ರ ಇರುವುದು, ಇವೆಲ್ಲ ಇದ್ದರೂ ಹಾಗೇ. ಈಗ ಬೆಂಗಳೂರಿನಲ್ಲೂ ಇಂಥ ಸವಾರಿ ಸಿಗುತ್ತದೆ. ಸೇರಿಸುವ ಮೊದಲು ಮಗುವಿನ ವೈದ್ಯಕೀಯ ಕಾಗದ ಕೇಳದೆಯೇ ಫೀಸು ಕೇಳಿದರೆ ಅಲ್ಲಿಂದ ಹೊರಡಿ. ಪಕ್ಕದಲ್ಲಿ ಯಾರು ನಡೆಯುತ್ತಾರೆ, ಅವರಿಗೆ ಯಾರು ಕಲಿಸಿದ್ದು, ಹಿಡಿತವನ್ನು ಯಾವಾಗ ಸಡಿಲಿಸುತ್ತಾರೆ ಅಂತಲೂ ಕೇಳಿ.

ವಾಲಂಟಿಯರ್ ಆಗಬೇಕು ಅನ್ನಿಸಿದವರಿಗೆ ಒಂದು ಮಾತು. ಅಮೆರಿಕದಲ್ಲಿರುವ ನಮ್ಮವರ ಹೈಸ್ಕೂಲು ಮಕ್ಕಳಿಗೆ ಇದು ಒಳ್ಳೆಯ ಅವಕಾಶ, ಹಲವು ಕೇಂದ್ರಗಳು 14 ದಾಟಿದವರನ್ನು ಸೇರಿಸಿಕೊಳ್ಳುತ್ತವೆ. ಕುದುರೆ ಸವಾರಿ ಬರಬೇಕಾಗಿಲ್ಲ. ಅರ್ಧ ಮುಕ್ಕಾಲು ಗಂಟೆ ನಡೆಯುವ ಕಾಲು, ಸೋಲದ ತೋಳು, ಮುಚ್ಚಿದ ಶೂ ಇದ್ದರೆ ಸಾಕು. ನೇತಾಡುವ ಕಿವಿಯೋಲೆ ಬೇಡ, ಗಮ್ಮನೆ ಹೊಡೆಯುವ ಸೆಂಟು ಬೇಡ. ಫೋನು ಕಾರಿನಲ್ಲೇ ಇರಲಿ. ಮೊದಲ ದಿನವೇ ಮಗುವಿನ ಪಕ್ಕಕ್ಕೆ ಬಿಡುತ್ತಾರೆ ಅಂದುಕೊಂಡು ಮಾತ್ರ ಹೋಗಬೇಡಿ. ಎಷ್ಟೋ ಕಡೆ ಮೊದಲು ಕೈಗೆ ಕೊಡುವುದು ಲದ್ದಿ ಬಾಚುವ ಸಲಿಕೆ.